ಅಮಾವಾಸ್ಯೆಯ ಟಿಕೆಟ್

ಇಚಲಕರಂಜಿಯಲ್ಲಿ ಹಗಲಿರುಳೂ ಮಗ್ಗಗಳು ಖಟಾಖಟ್ ಎಂದು ಬಡಿದುಕೊಳ್ಳುತ್ತವೆ. ಆ ಊರಲ್ಲಿ ಒಬ್ಬನ ಮಾತು ಇನ್ನೊಬ್ಬನಿಗೆ ಕೇಳಿಸಬೇಕಾದರೆ ಗಂಟಲು ಗಟ್ಟಿ ಇರಬೇಕು. ನೂಲಿನ ದಲಾಲ ಶಂಕರಲಿಂಗನ ಗಂಟಲು ಎಷ್ಟು ಗಟ್ಟಿ ಎಂದರೆ, ಅವನು ಬೀದಿಯಲ್ಲಿ ನಿಂತು ಮಾತು ಶುರು ಮಾಡಿದರೆ ಮಗ್ಗದವರು ಮಗ್ಗ ನಿಲ್ಲಿಸಿ ಹೊರಗೆ ಬಂದು ಯಾರಿಗೆ ಏನಾಯಿತು ಎಂದು ನೋಡುತ್ತಿದ್ದರು. ಮಾತಿನಲ್ಲಿ ತೂಕ ಇತ್ತೋ ಇಲ್ಲವೋ ಅದು ಬೇರೆ ವಿಷಯ. ತೂಕ ಇದ್ದವರು ದಲಾಲಿ ಏಕೆ ಮಾಡುತ್ತಾರೆ?

ಶಂಕರಲಿಂಗ ತನ್ನ ಆಯುಷ್ಯದಲ್ಲಿ ಯಾವ ವಸ್ತುವನ್ನೂ ಹೇಳಿದ ಬೆಲೆಗೆ ಕೊಂಡವನಲ್ಲ. ಅವನ ಅಪ್ಪ ಗಡಹಿಂಗ್ಲಜದಲ್ಲಿ ಬೆಲ್ಲದ ದಲಾಲ. ಟವೆಲ್ಲಿನ ಅಡಿಯಲ್ಲಿ ಎದುರಿನವನ ಬೆರಳು ಹಿಡಿದು ಸದ್ದಿಲ್ಲದೆ ವ್ಯಾಪಾರ ಕುದುರಿಸುತ್ತಿದ್ದ ಕಾಲದವನು. ಮಗ ಆ ಟವೆಲ್ಲನ್ನು ಹೆಗಲ ಮೇಲೆ ಉಳಿಸಿಕೊಂಡಿದ್ದ, ಸದ್ದಿಲ್ಲದಿರುವುದನ್ನು ಮಾತ್ರ ಕಲಿಯಲಿಲ್ಲ. ಕೊತ್ತಂಬರಿ ಕಟ್ಟಿಗೆ ಚೌಕಾಸಿ ಮಾಡುತ್ತಿದ್ದ, ಡಾಕ್ಟರರ ಫೀಸಿಗೆ ಮಾಡುತ್ತಿದ್ದ, ಒಮ್ಮೆ ಪೊಲೀಸಪ್ಪ ಹಾಕಿದ ದಂಡಕ್ಕೂ ಮಾಡಿ ಹೆಚ್ಚಿಗೆ ತೆತ್ತು ಬಂದಿದ್ದ. ಕಾದರೆ ಯಾವ ಬೆಲೆಯಾದರೂ ಇಳಿಯಲೇಬೇಕು ಎಂಬುದು ಅವನ ಧರ್ಮ. "ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು?" ಎನ್ನುತ್ತಿದ್ದ.

ಇಂಥವನ ಕೈಗೆ ಹೋದ ವರ್ಷ ಒಂದು ವಿಮಾನದ ಟಿಕೆಟ್ ಸಿಕ್ಕಿಬಿಟ್ಟಿತು. ಯಾವುದೋ ಕಂಪನಿ ಒಂದು ದಿನದ ಮಟ್ಟಿಗೆ ಬೆಲೆ ಇಳಿಸಿತ್ತು. ಕೋಲ್ಹಾಪುರದಿಂದ ಹೈದರಾಬಾದಿಗೆ ಎಂಟುನೂರು ರೂಪಾಯಿ. ಶಂಕರಲಿಂಗನಿಗೆ ಹೈದರಾಬಾದಿನಲ್ಲಿ ಯಾವ ಕೆಲಸವೂ ಇರಲಿಲ್ಲ. ಆದರೆ ಅಷ್ಟು ಅಗ್ಗದ ವಸ್ತುವನ್ನು ಕೆಲಸ ಇಲ್ಲ ಎಂಬ ಸಣ್ಣ ಕಾರಣಕ್ಕೆ ಬಿಡಲು ಅವನ ಜೀವ ಒಪ್ಪಲಿಲ್ಲ. ಹೋದ, ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಇನ್ನೂರೈವತ್ತು ರೂಪಾಯಿ ಕೊಟ್ಟು ಎರಡು ಇಡ್ಲಿ ತಿಂದ, ರಾತ್ರಿ ಬಸ್ಸಿಗೆ ಸಾವಿರದ ಇನ್ನೂರು ಕೊಟ್ಟು ವಾಪಸು ಬಂದ. ಒಟ್ಟು ಲೆಕ್ಕದಲ್ಲಿ ತನಗೆ ಲಾಭವಾಯಿತೆಂದು ಊರಿಗೆಲ್ಲ ಹೇಳಿದ.

ಟಿಕೆಟ್ ಕೊಂಡ ದಿನ ಯಾವುದಿತ್ತು ಎಂದು ಕ್ಯಾಲೆಂಡರ್ ನೋಡಿದಾಗ ಅವನಿಗೆ ಜ್ಞಾನೋದಯವಾಯಿತು. ಅವತ್ತು ಅಮಾವಾಸ್ಯೆ. ಕಾಗೆ ಕೂತಿತು, ಟೊಂಗೆ ಮುರಿಯಿತು. ಶಂಕರಲಿಂಗ ಕಾಗೆಯ ತೂಕದ ಮೇಲೆ ಒಂದು ಶಾಸ್ತ್ರ ಕಟ್ಟಿದ.

"ನೋಡ್ರಿ, ನಾವು ಕನ್ನಡ ಮಂದಿ ಅಮಾಸಿಗೆ ಹೊಸಾ ಗಾಡಿ ತಗೋತೇವಿ, ಅಂಗಡಿ ಪೂಜಾ ಮಾಡ್ತೇವಿ. ಈ ಮರಾಠಿ ಮಂದಿ ಅಮಾಸಿಗೆ ಒಂದು ಸೂಜಿ ಸೈತ ಕೊಳ್ಳೂದಿಲ್ಲ," ಎಂದು ಚಹದ ಅಂಗಡಿಯ ಮುಂದೆ ನಿಂತು ವಿವರಿಸಿದ. "ಕೋಲ್ಹಾಪುರದಾಗ ಯಾರು ಹೆಚ್ಚಿಗಿ ಅದಾರ? ಮರಾಠಿ ಮಂದಿ. ಅಂದ್ರ ಅಮಾಸಿ ದಿನ ವಿಮಾನದ ಕಂಪನಿಯವ್ರು ಏನ ಮಾಡ್ತಾರ? ನೊಣಾ ಹೊಡಕೋತ ಕುಂಡ್ರತಾರ. ಸಂಜಿ ಆಗೂದರೊಳಗ ರೇಟ್ ಇಳಸ್ತಾರ. ಇದು ದಂಧೆದ ಗುಟ್ಟು. ಯಾರಿಗೂ ಹೇಳಬ್ಯಾಡ್ರಿ."

ಯಾರಿಗೂ ಹೇಳಬಾರದ ಈ ಗುಟ್ಟನ್ನು ಅವನು ಆ ವಾರದಲ್ಲಿ ಎಲ್ಲರಿಗೂ ಹೇಳಿ ಮುಗಿಸಿದ.

ಪಕ್ಕದ ಮನೆಯ ನಾಮದೇವ ಮರಾಠಿ ಮನುಷ್ಯ, ಸಹಕಾರಿ ಸಂಘದಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಕನ್ನಡವನ್ನೂ ಮರಾಠಿಯನ್ನೂ ಕಲಸಿ ಮಾತಾಡುತ್ತಿದ್ದ. ಅವನೊಬ್ಬನೇ ಒಂದು ಪ್ರಶ್ನೆ ಕೇಳಿದ.

"ಅಹೋ ಶಂಕರರಾವ, ವಿಮಾನದ ಕಂಪನಿ ದಿಲ್ಲಿಯಾಗ ಇರತೈತಿ. ಅವರಿಗೆ ನಮ್ಮ ಅಮಾವಾಸ್ಯಾ ಏನ ಗೊತ್ತ?"

"ಆಕಾಶದಾಗ ವಿಮಾನ ಹಾರಸವ್ರಿಗೆ ಚಂದ್ರ ಐತೋ ಇಲ್ಲೋ ಗೊತ್ತಿರೂದಿಲ್ಲೇನ್ರಿ?" ಎಂದ ಶಂಕರಲಿಂಗ. ನಾಮದೇವ ಕೈ ಮುಗಿದು ಹೊರಟ. ಈ ಮಾತಿಗೆ ಯಾವ ಬುದ್ಧಿವಂತನಾದರೂ ಕೈ ಮುಗಿಯಲೇಬೇಕು.

ಶಾಸ್ತ್ರ ಬಾಯಲ್ಲೇ ಉಳಿದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಅಷ್ಟರಲ್ಲಿ ಗಡಹಿಂಗ್ಲಜದಲ್ಲಿದ್ದ ಅವನ ತಂಗಿ ರೂಪಾಲಿಯ ಮಗಳು ಮಯೂರಿಗೆ ಮದುವೆ ಗೊತ್ತಾಯಿತು. ಹುಡುಗ ಧನರಾಜ, ಹೈದರಾಬಾದಿನಲ್ಲಿ ನೆಲೆಸಿದ ಬಟ್ಟೆ ವ್ಯಾಪಾರಿ ರಾಮಲಿಂಗಪ್ಪನವರ ಮಗ. ಮದುವೆ ಹೈದರಾಬಾದಿನಲ್ಲೇ ಎಂದು ಬೀಗರು ಹಟ ಹಿಡಿದರು. ರೂಪಾಲಿಯ ಗಂಡ ಬಸವಂತ ಗೊಬ್ಬರದ ಅಂಗಡಿ ಇಟ್ಟವನು, ಕಡಿಮೆ ಮಾತಿನವನು. ಒಂದು ಬಸ್ಸು ಗೊತ್ತು ಮಾಡಿ, ಸೀಟುಗಳನ್ನು ಎಣಿಸಿ, ನೆಂಟರಿಗೆ ಹಂಚಲು ಕುಳಿತಿದ್ದ. ಅಲ್ಲಿಗೆ ಶಂಕರಲಿಂಗ ಹೋದ.

"ದಾಜಿ, ಹಸೆಮಣಿ ಏರೂ ಹುಡುಗಿನ್ನ ರಾತ್ರಿ ಎಲ್ಲಾ ಬಸ್ಸಿನಾಗ ಕುಲುಕಿಸಿಕೋತ ಒಯ್ತೀರೇನ್ರಿ? ಮುಂಜಾನೆ ಅಕಿ ಮಾರಿ ಹೆಂಗ ಕಾಣಬೇಕು? ಬೀಗರು ಏನಂದಾರು?"

"ಮಂದಿ ಎಲ್ಲಾ ಬಸ್ಸಿನಾಗ ಹೋಗಿ ಮದವಿ ಆಗ್ಯಾರಪಾ," ಎಂದ ಬಸವಂತ.

"ಮಂದಿಗೆ ನನ್ನಂಥಾ ಸೋದರಮಾವ ಇದ್ದಿಲ್ಲ. ಮಯೂರಿ ವಿಮಾನದಾಗ ಹೋಗ್ತಾಳ. ಅಕಿ ಕೂಡ ತಂಗಿ, ಅವ್ವ, ನಮ್ಮ ಮನಿಯಾಕಿ, ನಾನು. ಐದೂ ಟಿಕೆಟ್ ನನ್ನವು."

ಮಯೂರಿ ಸೋದರಮಾವನ ಹೆಗಲ ಮೇಲೆ ಬೆಳೆದ ಹುಡುಗಿ. ಕಣ್ಣರಳಿಸಿ, "ಖರೇನ ಮಾಮಾ?" ಎಂದಳು. ಆ ಒಂದು ಮಾತಿಗೆ ಶಂಕರಲಿಂಗ ವಿಮಾನವನ್ನೇ ಕೊಂಡುಬಿಡುವಷ್ಟು ಕರಗಿದ. ಹೇಳಿದ ಬೆಲೆಗೆ ಮಾತ್ರ ಅಲ್ಲ. ಅವನಿಗೆ ಮಕ್ಕಳಿರಲಿಲ್ಲ. ಆ ಹುಡುಗಿಗೆ ಬಾಸಿಂಗ ಕಟ್ಟಿ, ಕೈ ಹಿಡಿದು ಮಂಟಪಕ್ಕೆ ಕರೆತರುವುದು ತಾನೇ ಎಂದು ಅವಳು ತೊಟ್ಟಿಲಲ್ಲಿ ಇದ್ದಾಗಿನಿಂದ ಹೇಳಿಕೊಂಡು ಬಂದಿದ್ದ. ಇದು ಅವನ ಎಲ್ಲ ಮಾತುಗಳಲ್ಲಿ ಸುಳ್ಳಿಲ್ಲದ ಒಂದು ಮಾತು.

ಐದು ಸೀಟು ಖಾಲಿಯಾಗುತ್ತವೆ ಎಂದು ತಿಳಿದ ಕೂಡಲೇ ಉತ್ತೂರಿನ ಕಾಕಾನ ಮನೆಯ ಮೂವರು, ಆಜರಾ ಊರಿನ ಇಬ್ಬರು ಬಸ್ಸಿಗೆ ಹೆಸರು ಹೇಳಿದರು. ಕೊಟ್ಟ ಹೆಣ್ಣನ್ನಾದರೂ ಜಗಳವಾಡಿ ತವರಿಗೆ ಕರೆತರಬಹುದು, ನೆಂಟರಿಗೆ ಕೊಟ್ಟ ಮದುವೆ ಬಸ್ಸಿನ ಸೀಟನ್ನು ವಾಪಸು ಪಡೆದವರು ಆ ಸೀಮೆಯಲ್ಲಿ ಯಾರೂ ಇಲ್ಲ.

"ನಿನ್ನ ಮಾತಿನ ಮ್ಯಾಲೆ ಐದ ಸೀಟ ಬಿಟ್ಟೇನಿ, ಶಂಕ್ರಣ್ಣಾ," ಎಂದ ಬಸವಂತ. "ಟಿಕೆಟ್ ಇವತ್ತ ತಗಸ್ತೀಯೇನು?"

"ಇವತ್ತ ಯಾಕ್ರಿ? ಅಮಾಸಿ ಮೊನ್ನೆ ಆತು. ಮುಂದಿನ ಅಮಾಸಿ ಮದವಿಗೆ ಎಂಟ ದಿನಾ ಮೊದಲ ಬರತೈತಿ. ಅವತ್ತ ತಗಸ್ತೇನಿ. ನೀವು ನಿಶ್ಚಿಂತಿಂದ ಮಕ್ಕೋರಿ."

ಬಸವಂತ ಅವತ್ತಿನಿಂದ ನಿಶ್ಚಿಂತೆಯಿಂದ ಮಲಗಲಿಲ್ಲ.

ಇಚಲಕರಂಜಿಯ ಬಸ್ ನಿಲ್ದಾಣದ ಎದುರು ಅಜಿಂಕ್ಯ ಎಂಬ ಹುಡುಗನ ಟಿಕೆಟ್ ಅಂಗಡಿ ಇತ್ತು. ಶಂಕರಲಿಂಗ ದಿನಾಲೂ ಅಲ್ಲಿಗೆ ಹೋಗಿ, ಬೆಂಚಿನ ಮೇಲೆ ಕುಳಿತು, ಅವನ ಚಹ ಕುಡಿದು, ಬೆಲೆ ಕೇಳಿ ಬರುತ್ತಿದ್ದ.

"ಕಾಕಾ, ಇವತ್ತ ಎರಡು ಸಾವಿರದಾಗ ಐತ್ರಿ. ಇದರಕಿಂತ ಕಡಿಮಿ ಬರೂದಿಲ್ಲ. ತಗೊಂಡ ಬಿಡ್ರಿ," ಎಂದ ಅಜಿಂಕ್ಯ ಮೊದಲ ವಾರ.

ಮಾರುವವನು ತಗೋ ಎಂದರೆ ಬೆಲೆ ಬೀಳಲಿದೆ ಎಂದೇ ಅರ್ಥ. ಶಂಕರಲಿಂಗ ನಕ್ಕು ಎದ್ದು ಬಂದ.

ಎರಡನೇ ವಾರ ಮೂರು ಸಾವಿರವಾಯಿತು. "ಏರ್ಲಿ," ಎಂದ. "ಏರಿದಷ್ಟು ಬೀಳೂದು ಜೋರ ಇರತೈತಿ."

ಮೂರನೇ ವಾರ ನಾಲ್ಕು ಸಾವಿರವಾಯಿತು. "ಹೆದರಸಾಕತ್ತಾರ," ಎಂದ. "ಹೊಸಬ್ರು ಹೆದರತಾರ. ನಾವು ನೂಲಿನ ದಂಧೆದಾಗ ಹಲ್ಲ ಉದರಸ್ಕೊಂಡವ್ರು."

ಮನೆಯಲ್ಲಿ ಹೆಂಡತಿ ಯಮುನವ್ವ ರೊಟ್ಟಿ ಬಡಿಯುತ್ತ ಕೇಳಿದಳು. "ಯಾಕ್ರಿ, ಎರಡು ಸಾವಿರ ಇದ್ದಾಗ ತಗೊಂಡಿದ್ರ ಏನ ಆಗ್ತಿತ್ತು?"

"ಎಂಟನೂರಕ್ಕ ಸಿಗೂದನ್ನ ಎರಡು ಸಾವಿರಕ್ಕ ತಗೊಂಡ ಹುಚ್ಚ ಅನ್ನಸ್ಕೋಬೇಕೇನು?"

"ಈಗ ಏನ ಅನ್ನಸ್ಕೊಂಡೀರಿ?" ಎಂದಳು ಯಮುನವ್ವ. ಆಕೆಯ ಕೈ ರೊಟ್ಟಿಯನ್ನು ಸ್ವಲ್ಪ ಹೆಚ್ಚಿಗೆಯೇ ಬಡಿಯುತ್ತಿತ್ತು.

ಅವನ ತಾಯಿ ಚೆನ್ನವ್ವನಿಗೆ ಎಪ್ಪತ್ತು ದಾಟಿತ್ತು. ವಿಮಾನವನ್ನು ಆಕೆ ಅದುವರೆಗೆ ನೋಡಿದ್ದು ಕೆಳಗಿನಿಂದ, ಹೊಟ್ಟೆಯ ಭಾಗವನ್ನು ಮಾತ್ರ. ಒಳಗೆ ಹೋಗಿ ಕೂರುವುದು ಖಾತ್ರಿಯಾದ ದಿನದಿಂದ ಓಣಿಯ ಮನೆಮನೆಗೂ ಹೋಗಿ, ನಿಮಗೆ ಮೇಲಿನಿಂದ ಏನಾದರೂ ನೋಡಿ ಬರಬೇಕೇ ಎಂದು ಕೇಳಿ ಬಂದಿದ್ದಳು. ಇದರಿಂದ ಓಣಿಗೆ ಹೊಸ ಉಮೇದು ಬಂದಿತು. ವಿಮಾನ ಹತ್ತುವ ಆಸೆ ಎಲ್ಲರಿಗೂ ಇತ್ತು, ಧೈರ್ಯ ಇರಲಿಲ್ಲ. ಒಳಗೆ ಹೋದ ಮೇಲೆ ಯಾವ ಬಾಗಿಲು, ಯಾವ ಸಾಲು, ಚಪ್ಪಲಿ ಬಿಡಬೇಕೋ ಬೇಡವೋ ಯಾರಿಗೆ ಗೊತ್ತು? ಶಂಕರಲಿಂಗ ಒಮ್ಮೆ ಹೋಗಿ ಬಂದವನು. ಅವನು ಹೋಗುವ ದಿನ, ಅವನು ಹೋಗುವ ವಿಮಾನಕ್ಕೇ ನಾವೂ ಟಿಕೆಟ್ ತೆಗೆಸಿದರೆ ದಾರಿ ತಪ್ಪುವ ಭಯವಿಲ್ಲ ಎಂದು ಓಣಿಯ ಮಂದಿ ಒಬ್ಬರಾದ ಮೇಲೆ ಒಬ್ಬರು ತೀರ್ಮಾನಿಸಿದರು. ಹೈದರಾಬಾದಿನಲ್ಲಿ ಚಾರಮಿನಾರು ಇದೆ, ನೋಡಿದರಾಯಿತು.

"ಬರ್ರಿ, ಎಲ್ಲಾರೂ ಬರ್ರಿ," ಎಂದ ಶಂಕರಲಿಂಗ ದೊಡ್ಡ ಮನಸ್ಸಿನಿಂದ. "ಆದ್ರ ಅಮಾಸಿ ದಿನ ಸಂಜಿ ಆರರ ಮೊದಲ ಯಾರೂ ಮುಟ್ಟಬ್ಯಾಡ್ರಿ."

ಕೋಲ್ಹಾಪುರದಿಂದ ಹಾರುವುದು ಸಣ್ಣ ವಿಮಾನ. ತನ್ನ ಸೋದರಸೊಸೆ ಕೂರಬೇಕಾದ ವಿಮಾನಕ್ಕೆ ಇಡೀ ಓಣಿಯನ್ನು ಆಹ್ವಾನಿಸುತ್ತಿದ್ದೇನೆ ಎಂಬ ಅರಿವು ಆ ಮಹಾಶಯನಿಗೆ ಬರಲಿಲ್ಲ. ದೊಡ್ಡ ಶಾಸ್ತ್ರಜ್ಞರಿಗೆ ಸಣ್ಣ ಲೆಕ್ಕ ತಪ್ಪುವುದು ವಾಡಿಕೆ.

ಅಮಾವಾಸ್ಯೆ ಬಂದಿತು. ಶಂಕರಲಿಂಗ ಮುಂಜಾನೆಯೇ ಎಣ್ಣೆ ಹಚ್ಚಿ ಸ್ನಾನ ಮಾಡಿ, ಮೊಬೈಲಿಗೆ ವಿಭೂತಿ ಹಚ್ಚಿ, ಕಾಯಿ ಒಡೆದ. ಸಂಜೆಗೆ ಅವನ ಪಡಸಾಲೆ ತುಂಬಿತು. ಅಜಿಂಕ್ಯನನ್ನು ಅಂಗಡಿ ಮುಚ್ಚಿಸಿ, ಅವನ ಲ್ಯಾಪ್‌ಟಾಪಿನ ಸಮೇತ ಕರೆಸಿ ನಡುವೆ ಕೂರಿಸಿದರು. ಉಳಿದವರು ತಮ್ಮ ತಮ್ಮ ಮೊಬೈಲ್ ಹಿಡಿದು ಗೋಡೆಗುಂಟ ಕುಳಿತರು. ಯಮುನವ್ವ ಎಲ್ಲರಿಗೂ ಚಹ ಕೊಟ್ಟಳು, ಗಂಡನೊಬ್ಬನನ್ನು ಬಿಟ್ಟು.

ಆರು ಹೊಡೆಯಿತು.

"ಎಷ್ಟ ಐತಿ?" ಎಂದ ಶಂಕರಲಿಂಗ, ಕಣ್ಣು ಮುಚ್ಚಿಕೊಂಡು.

"ನಾಕೂವರಿ ಸಾವಿರ ಐತ್ರಿ, ಕಾಕಾ."

"ಕಾಯ್ರಿ. ಈಗ ಬೀಳತೈತಿ."

ಓಣಿಯ ಮಂದಿಯಲ್ಲಿ ಎಲ್ಲರಿಗೂ ಅವನಷ್ಟು ಗುಂಡಿಗೆ ಇರಲಿಲ್ಲ. ಮೂಲೆಯಲ್ಲಿದ್ದ, ನೂಲು ಸುತ್ತುವ ವೈಂಡಿಂಗ್ ಖಾತೆಯ ಇಬ್ಬರು ಅಣ್ಣತಮ್ಮಂದಿರು, ಶಂಕರಲಿಂಗನ ಕಣ್ಣು ಮುಚ್ಚಿದೆ ಎಂದು ನೋಡಿ ಮೆಲ್ಲಗೆ ತಮ್ಮ ಟಿಕೆಟ್ ಒತ್ತಿಬಿಟ್ಟರು.

"ಐದು ಸಾವಿರದ ಎಂಟನೂರ ಆತ್ರಿ," ಎಂದ ಅಜಿಂಕ್ಯ.

"ಬೀಳೂಕಿಂತ ಮೊದಲ ಒಮ್ಮೆ ಜಿಗೀತೈತಿ. ನೂಲಿಂದೂ ಹಂಗ."

ಜಿಗಿದದ್ದನ್ನು ನೋಡಿ ಹೆದರಿದ ಇನ್ನೊಂದು ಸಂಸಾರ ನಾಲ್ಕು ಟಿಕೆಟ್ ಕೊಂಡಿತು. ಅವರನ್ನು ನೋಡಿ ಎದುರಿನ ಮನೆಯವರು ಕೊಂಡರು. ಬೆಲೆ ಏಳಾಯಿತು, ಒಂಬತ್ತಾಯಿತು. ಪ್ರತಿಯೊಬ್ಬರೂ ತಾನು ಕೊಂಡದ್ದನ್ನು ಗುರುವಿನಿಂದ ಮುಚ್ಚಿಟ್ಟು, ಮೊಬೈಲನ್ನು ತೊಡೆಯ ಅಡಿ ಸೇರಿಸಿ, ಕಾಯುವವರಂತೆ ಮುಖ ಮಾಡಿ ಕುಳಿತರು. ಶಂಕರಲಿಂಗನ ಹಣೆಯಲ್ಲಿ ವಿಭೂತಿ ಬೆವರಿಗೆ ಕರಗತೊಡಗಿತು.

"ಕಾಕಾ," ಎಂದ ಅಜಿಂಕ್ಯ, ಅಳುವವನ ದನಿಯಲ್ಲಿ. "ಹನ್ನೊಂದ ಸಾವಿರ ಆಗೈತಿ. ಎರಡ ಸೀಟ ಉಳದಾವ ಅಂತ ತೋರಸಾಕತ್ತೈತ್ರಿ."

"ಏನ ಆಗೇತಿ ಈ ಮರಾಠಿ ಮಂದಿಗೆ?" ಎಂದು ಗುಡುಗಿದ ಶಂಕರಲಿಂಗ. "ಅಮಾಸಿ ದಿನಾನೂ ಕೊಳ್ಳಾಕ ಶುರು ಮಾಡ್ಯಾರ. ಧರ್ಮ ಎಲ್ಲಿ ಉಳೀತು?"

ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಾಮದೇವ ಕೆಮ್ಮಿದ. "ನಾವು ಕೊಂಡಿಲ್ರಿ, ಶಂಕರರಾವ. ಆಮ್ಹೀ ಅಮಾವಾಸ್ಯೇಲಾ ಕಾಹೀ ಘೇತ ನಾಹೀ. ನಾನು ಇವತ್ತ ಏನೂ ತಗೋಳಂಗಿಲ್ಲ ಅಂತನ, ನಮ್ಮ ಮನಿಯವರ ನಾಲ್ಕ ಟಿಕೆಟ್ ನಿನ್ನೆನ ತಗಸೇನಿ. ನಾಕ ಸಾವಿರ ಇತ್ತು."

ಅಮಾವಾಸ್ಯೆಗೆ ಕೊಳ್ಳದವನು ಅದರ ಹಿಂದಿನ ದಿನವೇ ಕೊಳ್ಳುತ್ತಾನೆ ಎಂಬ ಇಷ್ಟು ಸರಳ ಸಂಗತಿ ಅಷ್ಟು ದೊಡ್ಡ ಶಾಸ್ತ್ರದಲ್ಲಿ ಎಲ್ಲಿಯೂ ಇರಲಿಲ್ಲ. ಶಂಕರಲಿಂಗ ಇಂಗು ತಿಂದ ಮಂಗನಂತೆ ಒಬ್ಬೊಬ್ಬರ ಮುಖ ನೋಡಿದ. ಯಾರೂ ಅವನನ್ನು ನೋಡಲಿಲ್ಲ. ಎಲ್ಲರೂ ತಮ್ಮ ತೊಡೆಯ ಕಡೆಗೆ ನೋಡುತ್ತಿದ್ದರು.

"ನಿಮ್ಮವು ನಾಕ ನಮಗ ಕೊಡ್ರಿ, ನಾಮದೇವರಾವ. ಹೆಣ್ಣಿನ ಮದವಿ ಐತಿ."

"ಟಿಕೆಟಿನ ಮ್ಯಾಲೆ ನಮ್ಮ ಹೆಸರ ಅದಾವ್ರಿ. ನಿಮ್ಮ ಮಯೂರಿನ್ನ ನನ್ನ ಹೆಂಡತಿ ಹೆಸರಲೆ ಕಳಿಸಿದ್ರ, ಅಲ್ಲಿ ಮದವಿ ಯಾರದು ಮಾಡ್ತಾರ?"

ಮರುದಿನ ಮುಂಜಾನೆ ಬಸವಂತ ಗಡಹಿಂಗ್ಲಜದಿಂದ ಬಂದ. ಕಡಿಮೆ ಮಾತಿನವನು ಅಂದು ಇನ್ನೂ ಕಡಿಮೆ ಮಾತಾಡಿದ. ರೈಲಿನಲ್ಲಿ ಜಾಗ ಇಲ್ಲ, ಉತ್ತೂರಿನವರು ಸೀಟು ಬಿಡುವುದಿಲ್ಲ, ಆಜರಾದವರು ಹೊಸ ಬಟ್ಟೆ ಹೊಲಿಸಿಬಿಟ್ಟಿದ್ದಾರೆ. ಇಷ್ಟನ್ನು ಹೇಳಿ, ಶಂಕರಲಿಂಗನ ಎದುರು ಕುಳಿತು, ಅವನನ್ನೇ ನೋಡುತ್ತ ಉಳಿದ. ಬೈದಿದ್ದರೆ ಶಂಕರಲಿಂಗ ಎದುರು ಬೈಯಬಹುದಿತ್ತು. ಆಗಲೇ ಮಯೂರಿಯ ಫೋನು ಬಂದಿತು.

"ಮಾಮಾ, ಅಪ್ಪಾ ಸುಮ್ಮನ ಹೆದರ್ಯಾರ. ನೀವು ಟಿಕೆಟ್ ತಗಸೇ ತಗಸ್ತೀರಿ ಅಂತ ನನಗ ಗೊತ್ತೈತ್ರಿ."

ಶಂಕರಲಿಂಗ ಫೋನು ಕೆಳಗಿಟ್ಟು, ಟವೆಲ್ ಹೆಗಲಿಗೆ ಹಾಕಿಕೊಂಡು, ಕೋಲ್ಹಾಪುರದ ಉಜಳಾಯಿವಾಡಿಗೆ, ವಿಮಾನ ನಿಲ್ದಾಣಕ್ಕೇ ಹೊರಟ. ಉಳಿದ ಎರಡು ಸೀಟಿನಲ್ಲಿ ಮದುಮಗಳು, ಮಂಡಿನೋವಿನ ಚೆನ್ನವ್ವ ಹೋಗಲಿ, ಉಳಿದ ಮೂವರು ಬಸ್ಸಿನಲ್ಲಿ ಹೇಗಾದರೂ ತುರುಕಿಕೊಳ್ಳುವುದು ಎಂದು ಗೊತ್ತಾಗಿತ್ತು. ಮೊಬೈಲಿನಲ್ಲಿ ಹನ್ನೆರಡು ಸಾವಿರ ತೋರಿಸುತ್ತಿತ್ತು. ಆದರೆ ಮೊಬೈಲಿನ ಜೊತೆ ಚೌಕಾಸಿ ಮಾಡಲು ಬರುವುದಿಲ್ಲ, ಮನುಷ್ಯರ ಜೊತೆ ಬರುತ್ತದೆ.

ಕೌಂಟರಿನಲ್ಲಿ ಒಬ್ಬಳು ಹುಡುಗಿ ಕುಳಿತಿದ್ದಳು. ಶಂಕರಲಿಂಗ ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಒಂದೊಂದು ನಮಸ್ಕಾರ ಹೇಳಿದ.

"ಎರಡ ಸೀಟ ಬೇಕಾಗಿತ್ತವಾ. ಕಡೀ ಮಾತ ಹೇಳು."

ಹುಡುಗಿ ಪುಣ್ಯಕ್ಕೆ ಬೆಳಗಾವಿಯ ಕಡೆಯವಳು. "ಹನ್ನೆರಡು ಸಾವಿರ ಒಂದಕ್ಕ, ಸರ್. ಕಂಪ್ಯೂಟರ್ ಹೇಳಿದ್ದ ರೇಟು."

"ಕಂಪ್ಯೂಟರ್ ಹೇಳೂದನ್ನ ಹೇಳಿತು. ಗಿರಾಕಿ ಮುಂದ ಬಂದ ನಿಂತಾನ, ಎರಡ ಸೀಟ ಒಮ್ಮೆಕ್ಕ ಒಯ್ಯಾಕತ್ತಾನ. ನೀ ಬಾಯಿ ಬಿಟ್ಟ ಹೇಳಬ್ಯಾಡ, ಸುತ್ತ ಮಂದಿ ಅದಾರ. ನನಗ ತಿಳೀತೈತಿ." ಹೀಗೆಂದು ಅವನು ಹೆಗಲ ಮೇಲಿನ ಟವೆಲ್ಲನ್ನು ತೆಗೆದು, ತನ್ನ ಬಲಗೈ ಮೇಲೆ ಹೊದಿಸಿ, ಅಪ್ಪ ಕಲಿಸಿದ ರೀತಿಯಲ್ಲಿ ಕೌಂಟರಿನ ಆಚೆಗೆ ಕೈ ಚಾಚಿದ. "ಬೆರಳ ಹಿಡಿ."

ಹುಡುಗಿ ಕುರ್ಚಿಯ ಸಮೇತ ಹಿಂದಕ್ಕೆ ಸರಿದಳು. ಟವೆಲ್ಲಿನ ಅಡಿಯಲ್ಲಿ ಏನೋ ಹಿಡಿದುಕೊಂಡು ಒಬ್ಬ ಮನುಷ್ಯ ಬಂದಿದ್ದಾನೆ ಎಂದು ಕಾವಲಿನ ಜವಾನನಿಗೆ ಕಂಡಿತು. ಅದು ತಪ್ಪೂ ಅಲ್ಲ, ಅವನ ಕೆಲಸವೇ ಅದು. ಮುಂದಿನ ಕ್ಷಣದಲ್ಲಿ ಶಂಕರಲಿಂಗ ಎರಡೂ ಕೈ ಮೇಲೆತ್ತಿ, ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಟವೆಲ್ಲನ್ನು ಇಬ್ಬರು ಕೋಲಿನಿಂದ ಎತ್ತಿ ನೋಡಿದರು. ದೊಡ್ಡ ಸಾಹೇಬ ಬಂದ. ಉತ್ತರದ ಕಡೆಯವನು, ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ. ಅವನಿಗೆ ಬೆಲ್ಲದ ಪೇಟೆಯ ಪದ್ಧತಿಯನ್ನು ಹಿಂದಿಯಲ್ಲಿ ತಿಳಿಸಿ ಹೇಳುವ ಹೊಣೆ ಶಂಕರಲಿಂಗನದಾಯಿತು.

"ಸಾಬ್, ಯೇ ಬೋಟ್ ಪಕಡನೇಕಾ ಧಂದಾ ಹೈ. ಹಮಾರೇ ಬಾಪ್ ಭೀ ಪಕಡತೇ ಥೇ." ಬೆರಳಿಗೆ ಹಿಂದಿ ಶಬ್ದ ಹೊಳೆಯದೆ ಮರಾಠಿಯ ಬೋಟನ್ನೇ ಅವನು ಹಿಂದಿಗೆ ಸೇರಿಸಿದ್ದ.

"ಕಿಸಕಾ?" ಎಂದ ಸಾಹೇಬ.

"ಸಬಕಾ," ಎಂದ ಶಂಕರಲಿಂಗ ಹೆಮ್ಮೆಯಿಂದ.

ಎಲ್ಲರದೂ ಎಂಬ ಈ ಉತ್ತರದಿಂದ ವಿಚಾರಣೆ ಇನ್ನೂ ಒಂದು ತಾಸು ಬೆಳೆಯಿತು. ಕೊನೆಗೆ ಹುಡುಗಿಯೇ ಕರುಣೆಯಿಂದ ನಡುವೆ ಬಂದು, ನಮ್ಮ ಅಜ್ಜನೂ ದನದ ಸಂತೆಯಲ್ಲಿ ಹೀಗೇ ಮಾಡುತ್ತಿದ್ದ ಎಂದು ಸಾಕ್ಷಿ ಹೇಳಿ ಬಿಡಿಸಿದಳು. ಶಂಕರಲಿಂಗ ಮತ್ತೆ ಕೌಂಟರಿಗೆ ಬಂದು ನಿಂತಾಗ ಕಂಪ್ಯೂಟರು ಹದಿನಾಲ್ಕು ಸಾವಿರ ಹೇಳುತ್ತಿತ್ತು.

ಅವನು ಒಮ್ಮೆ ಬಾಯಿ ತೆರೆದ. ಮಯೂರಿಯ ಮಾತು ಕಿವಿಯಲ್ಲಿತ್ತು. ಬಾಯಿ ಮುಚ್ಚಿದ. ತನ್ನ ಆಯುಷ್ಯದಲ್ಲಿ ಮೊದಲ ಸಲ, ಹೇಳಿದ ಬೆಲೆಗೆ, ಒಂದು ಪೈಸೆ ಕಡಿಮೆ ಇಲ್ಲದೆ, ಎರಡು ಟಿಕೆಟ್ ಕೊಂಡ. ಕಾರ್ಡು ಉಜ್ಜುವಾಗ ಅವನಿಗೆ ನಿಜವಾಗಿಯೂ ಎದೆ ನೋಯಿತು. ಆದರೆ ಮಯೂರಿ ಸುಖವಾಗಿ ಹೋಗುತ್ತಾಳೆ ಎಂಬ ಸಮಾಧಾನ ಆ ನೋವಿಗಿಂತ ದೊಡ್ಡದಿತ್ತು, ಅದನ್ನು ಅಲ್ಲಗಳೆಯಬಾರದು. ಒಂದೇ ಒಂದು ಸಂಗತಿಯನ್ನು ಅವನು ಮರೆತಿದ್ದ. ಬ್ಯಾಂಕಿನಿಂದ ಹಣ ಹೋದ ಸಂದೇಶ ಬರುತ್ತಿದ್ದುದು ಯಮುನವ್ವನ ಮೊಬೈಲಿಗೆ.

ಹೊರಡುವ ದಿನ ಮಧ್ಯಾಹ್ನ ಮಯೂರಿಯನ್ನೂ ಚೆನ್ನವ್ವನನ್ನೂ ಬಿಡಲು ಅವನು ಉಜಳಾಯಿವಾಡಿಗೆ ಹೋದಾಗ, ಓಣಿಗೆ ಓಣಿಯೇ ಹೊಸ ಬಟ್ಟೆ ಉಟ್ಟು ಬಾಗಿಲಲ್ಲಿ ಸಾಲಾಗಿ ನಿಂತಿತ್ತು.

"ಕಾಕಾ, ನೀವು ಬರೂದಿಲ್ಲೇನ್ರಿ?" ಎಂದರು ವೈಂಡಿಂಗ್ ಖಾತೆಯ ಅಣ್ಣತಮ್ಮಂದಿರು. "ನಮಗ ಬಾಗಲಾ ಯಾರು ತೋರಸಬೇಕು?"

"ನಾ ತೋರಸ್ತೇನಿ, ಬರ್ರಿ," ಎಂದಳು ಚೆನ್ನವ್ವ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ಇಡೀ ಓಣಿ ಆಕೆಯ ಹಿಂದೆ ಚಪ್ಪಲಿ ಬಿಚ್ಚಿ ಒಳಗೆ ನಡೆಯಿತು.

ಶಂಕರಲಿಂಗ ಸಿಕ್ಕ ಜೀಪು ಹಿಡಿದು ಸಂಕೇಶ್ವರಕ್ಕೆ ಓಡಿ, ಅಲ್ಲಿ ಮದುವೆಯ ಬಸ್ಸು ಹತ್ತಿದ. ಸೀಟು ಇರಲಿಲ್ಲ. ಬೀಗರಿಗೆಂದು ಒಯ್ಯುತ್ತಿದ್ದ ಆಜರಾದ ಅಕ್ಕಿಯ ಚೀಲದ ಮೇಲೆ, ಚಾಲಕನ ಬೆನ್ನಿಗೆ ಬೆನ್ನು ಕೊಟ್ಟು ಕುಳಿತ. ಬಾಸಿಂಗದ ಡಬ್ಬಿ ತೊಡೆಯ ಮೇಲೆ. ಆ ಭಂಗಿಯಲ್ಲಿ ಬಸ್ಸಿನ ಎಲ್ಲ ಮುಖಗಳೂ ಅವನಿಗೆ ಎದುರಾಗಿದ್ದವು, ಅವನ ಮುಖ ಎಲ್ಲರಿಗೂ. ತಂಗಿ ರೂಪಾಲಿ, ಯಮುನವ್ವ ಇಬ್ಬರೂ ಒಂದೇ ಸೀಟಿನಲ್ಲಿ ಅರ್ಧರ್ಧ ಕುಳಿತು ಅವನನ್ನೇ ನೋಡುತ್ತಿದ್ದರು.

"ಏನಪಾ ಶಂಕ್ರಾ," ಎಂದ ಉತ್ತೂರಿನ ಕಾಕಾ, ಕಾಲು ಚಾಚಿಕೊಂಡು. "ವಿಮಾನದ ಮಂದಿ ಅಕ್ಕಿ ಚೀಲದ ಮ್ಯಾಲೆ ಯಾಕ ಕುಂತೀರಿ?"

ಬಸ್ಸು ನಕ್ಕಿತು. ಆಜರಾದವರು ಎರಡು ಸಲ ನಕ್ಕರು. ಮರ್ಯಾದೆ ಬೀದಿಗೆ ಬಿದ್ದಾಗ ದಲಾಲನಾದವನಿಗೆ ನಾಲಿಗೆಯೊಂದೇ ಆಸರೆ.

"ಕಾಕಾ, ನಿಮಗ ತಿಳೀಲಿಲ್ಲ. ಕಡೀತನಾ ಕಾದ್ನಿ. ಎರಡ ಸೀಟ ಉಳದುವು. ಖಾಲಿ ಹಾರೂಕಿಂತ ಬಂದಷ್ಟ ಬರ್ಲಿ ಅಂತ ಕಂಪನಿಯವ್ರು ಕರದ ಕೊಟ್ರು. ಎಂಟೆಂಟನೂರಕ್ಕ. ಮೂರ ಸೀಟ ಜಾಸ್ತಿ ಇದ್ದಿದ್ರ ಅವೂ ಬರ್ತಿದ್ದುವು."

ನಗು ನಿಂತಿತು. ಬಸ್ಸಿನ ಬಾಡಿಗೆ ತಲೆಗೆ ಎಷ್ಟು ಬಿದ್ದಿದೆ ಎಂದು ಎಲ್ಲರೂ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಅದು ಎಂಟುನೂರಕ್ಕಿಂತ ಹೆಚ್ಚಿತ್ತು. ವಿಜಯಪುರ ಬರುವಷ್ಟರಲ್ಲಿ ಉತ್ತೂರಿನ ಕಾಕಾ ಎದ್ದು ತನ್ನ ಸೀಟು ಬಿಟ್ಟುಕೊಟ್ಟ. ಬಸವಂತ ಕೂಡ ಹತ್ತಿರ ಬಂದು, "ನಾ ನಿನ್ನ ಮ್ಯಾಲೆ ಸುಮ್ಮನ ಸಿಟ್ಟಾಗಿದ್ನಿ, ಶಂಕ್ರಣ್ಣಾ," ಎಂದ. ಯಮುನವ್ವ ಮಾತ್ರ ಮೊಬೈಲ್ ತೆಗೆದು, ಒಂದು ಸಂದೇಶವನ್ನು ನೋಡಿ, ಮತ್ತೆ ಚೀಲದಲ್ಲಿ ಇಟ್ಟುಕೊಂಡಳು.

ಹೈದರಾಬಾದಿನ ಮದುವೆ ದೊಡ್ಡ ಮದುವೆ. ಮಯೂರಿ ಚೆನ್ನಾಗಿ ನಿದ್ದೆ ಮಾಡಿ ಎದ್ದ ಮುಖದಲ್ಲಿ ಹೂವಿನಂತೆ ಕಾಣುತ್ತಿದ್ದಳು. ಶಂಕರಲಿಂಗ ಬಾಸಿಂಗ ಕಟ್ಟಿ, ಅವಳ ಕೈ ಹಿಡಿದು ಮಂಟಪಕ್ಕೆ ಕರೆತಂದ. ಅವಳು ಮೆಲ್ಲಗೆ, "ಮ್ಯಾಲಿಂದ ನಿಮ್ಮ ಬಸ್ ಹುಡಕಿದ್ನಿ, ಮಾಮಾ," ಎಂದಳು. ಅವನ ಕಣ್ಣು ತುಂಬಿ ಬಂದಿತು. ಹದಿನಾಲ್ಕು ಸಾವಿರ ಹೆಚ್ಚಾಯಿತು ಎಂದು ಆ ಗಳಿಗೆಯಲ್ಲಿ ಅವನಿಗೆ ಅನ್ನಿಸಲಿಲ್ಲ. ಕಥೆ ಇಲ್ಲಿಗೆ ಮುಗಿದಿದ್ದರೆ ಅವನೂ ಸುಖವಾಗಿರುತ್ತಿದ್ದ.

ಅಕ್ಷತೆ ಬಿದ್ದ ಮೇಲೆ ಬೀಗರಾದ ರಾಮಲಿಂಗಪ್ಪನವರು ಮಂಟಪದ ಮುಂದೆಯೇ ಅವನನ್ನು ತಡೆದು ನಿಲ್ಲಿಸಿದರು. ಅವರ ಹಿಂದೆ ಉತ್ತೂರಿನ ಕಾಕಾ, ತಾನೇ ಸಾಧಿಸಿದವನ ಠೀವಿಯಲ್ಲಿ ನಿಂತಿದ್ದ.

"ಬೀಗರ, ನಿಮ್ಮ ಸುದ್ದಿ ಎಲ್ಲಾ ಕೇಳಿದ್ನಿರಿ. ಎಂಟನೂರ ರೂಪಾಯಿಗೆ ವಿಮಾನ. ನಾವು ಮೂವತ್ತ ವರ್ಷ ವ್ಯಾಪಾರ ಮಾಡೇವಿ, ಇಂಥಾ ಖರೀದಿ ಕಂಡಿಲ್ಲ. ಬರೂ ತಿಂಗಳ ಗಡಹಿಂಗ್ಲಜದಾಗ ನೀವು ಬೀಗರೂಟ ಇಟ್ಟೀರಲ್ಲ, ನಾವು ರೈಲಿಗೆ ಹೇಳಿದ್ವಿ. ಮುಂಜಾನೆನ ರದ್ದ ಮಾಡ್ಸಿಬಿಟ್ಟೇನಿ. ನಮ್ಮ ಮನಿ ಮಂದಿ ಮೂವತ್ತ ಜನ. ಎಲ್ಲಾರನ್ನೂ ಅದ ರೇಟಿಗೆ ವಿಮಾನದಾಗ ನೀವ ಕರಸ್ಕೊಂಡ ಬಿಡ್ರಿ."

ಹೀಗೆಂದು ಅವರು ಕೋಟಿನ ಒಳಗಿನಿಂದ ಒಂದು ಲಕೋಟೆ ತೆಗೆದು, ಎಲ್ಲರೆದುರು ಎಣಿಸಿ, ಮೂವತ್ತು ಜನಕ್ಕೆ ಎಂಟೆಂಟುನೂರರಂತೆ ಸರಿಯಾಗಿ ಇಪ್ಪತ್ತನಾಲ್ಕು ಸಾವಿರ ಅವನ ಮುಂದೆ ಹಿಡಿದರು.

ಮಗ್ಗಗಳನ್ನು ನಿಲ್ಲಿಸುವ ಗಂಟಲಿನ ಶಂಕರಲಿಂಗ ಎರಡು ಹೆಜ್ಜೆ ಹಿಂದೆ ಸರಿದ. ಮಂಟಪದಿಂದ ಮಯೂರಿ ಹೆಮ್ಮೆಯಿಂದ ನೋಡುತ್ತಿದ್ದಳು. ನಿಜ ಹೇಳಿದರೆ ಹೊಸ ಸೊಸೆಯ ಸೋದರಮಾವ ಸುಳ್ಳುಗಾರ ಎಂದಾಗುತ್ತದೆ, ಅದೂ ಅಕ್ಷತೆ ಬಿದ್ದು ಅರ್ಧ ತಾಸಿನೊಳಗೆ. ಅವನು ದಿಕ್ಕುಗಾಣದೆ ಯಮುನವ್ವನ ಕಡೆ ನೋಡಿದ.

ಯಮುನವ್ವ ಮೂರು ವಾರದಲ್ಲಿ ಮೊದಲ ಸಲ ನಕ್ಕಳು. "ತಗೋರಿ," ಎಂದಳು. "ಬೀಗರು ಇಷ್ಟ ವಿಶ್ವಾಸಲೆ ಕೊಡಾಕತ್ತಾರ. ಬ್ಯಾಡ ಅನಬಾರದು."

ಶಂಕರಲಿಂಗ ಕೈ ಚಾಚಿ ಲಕೋಟೆ ತೆಗೆದುಕೊಂಡ. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಸೋದರಸೊಸೆಯನ್ನು ಕೊಟ್ಟ ಸಂಕಟ ಎಂದುಕೊಂಡು ರಾಮಲಿಂಗಪ್ಪನವರು ಅವನನ್ನು ಅಪ್ಪಿಕೊಂಡು ಬೆನ್ನು ಸವರಿದರು.